ಮಾವ ತೆಗೆಯದ ಜಾವಳ

ಸತ್ತ ಮೇಲೆ ಪಡಸಾಲೆಯ ಗೋಡೆಗೆ ಆನಿಸಿ ಕುಳ್ಳಿರಿಸಿದಾಗಲೂ ನನ್ನ ಸೋದರಮಾವನ ತಲೆಗೂದಲಲ್ಲಿ ಬಾಚಣಿಗೆ ಸಿಕ್ಕಿಕೊಂಡಿತು. ವಿಭೂತಿ ಹಚ್ಚಿ ಹೂವಿನ ಮಾಲೆ ಹಾಕುವ ಮೊದಲು ಯಾರಾದರೂ ತಲೆ ಬಾಚಬೇಕಿತ್ತು. ಬಾಚಣಿಗೆ ನನ್ನ ಕೈಗೇ ಬಂತು. ಎಪ್ಪತ್ತು ದಾಟಿದ ತಲೆ, ಕುರಿಯ ಉಣ್ಣೆಯಷ್ಟು ದಟ್ಟ. ಜಗ್ಗಿದೆ. ಒಂದು ಎಳೆಯೂ ಕಿತ್ತು ಬರಲಿಲ್ಲ. ಹೋಗುವಾಗಲೂ ನನ್ನನ್ನು ಅಣಕಿಸಿಯೇ ಹೋದ ಅನ್ನಿಸಿ, ಕಣ್ಣೀರಿಗಿಂತ ಮೊದಲು ಸಿಟ್ಟು ಬಂತು.

ನಮ್ಮಿಬ್ಬರ ವೈರ ಕೂದಲಿನದು. ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನನ್ನು ಕಟ್ಟಿಕೊಂಡು ಸಂಶಿಯ ತವರುಮನೆಗೆ ಬಂದಿದ್ದಳು. ಅಪ್ಪನದು ಬೋಳುತಲೆ, ಆ ಸಂಬಂಧವೇ ಬೇಡವೆಂದು ಮಾವ ಮೊದಲೇ ಹೇಳಿದ್ದನಂತೆ. ಇಪ್ಪತ್ತೈದು ತುಂಬುವುದರೊಳಗೆ ನನ್ನ ತಲೆಯೂ ಅಪ್ಪನ ದಾರಿ ಹಿಡಿದಾಗ ಅವನು ಖಟ್ಲೆ ಗೆದ್ದವನಂತೆ ಓಡಾಡಿದ. ಸುಲಿದ ಆಲೂಗಡ್ಡೆಯಂಥ ತಲೆಯೆಂದು ನನಗೆ ‘ಬಟಾಟಿ’ ಎಂದು ಹೆಸರಿಟ್ಟ. ಬೆಳಿಗ್ಗೆ ಪೂಜೆಗೆ ಕುಳಿತರೆ ಬಾಗಿಲಲ್ಲಿ ನಿಂತು, “ಸಾವಕಾಶ ಹಚ್ಚಲೇ ವಿಭೂತಿ. ನಿನ್ನ ಹಣಿ ಎಲ್ಲಿ ಮುಗೀತೈತಿ ಅನ್ನೂದು ಯಾರಿಗೂ ಗೊತ್ತಿಲ್ಲ, ವಿಭೂತಿ ಗಟ್ಟಿ ಪೂರಾ ತೀರೀತು” ಎನ್ನುತ್ತಿದ್ದ. ಮೂರು ಕಡೆ ಕನ್ಯೆ ನೋಡಿ ಬಂದೆವು, ಮೂರೂ ಕಡೆ ಒಲ್ಲೆವೆಂದರು. ಒಂದು ಮನೆಯಲ್ಲಂತೂ ನನಗೆ ಬಾಗಿ ನಮಸ್ಕಾರ ಮಾಡಿ, “ವರ ಎಲ್ಲಿ ಅದಾರ್ರಿ?” ಎಂದು ಕೇಳಿದರು. ಮಾವ ಇದನ್ನು ಚಹಾದಂಗಡಿಯಲ್ಲಿ ವರ್ಷವಿಡೀ ಹೇಳಿದ.

ಎಂಬತ್ತರ ದಶಕದ ನಡುಭಾಗ. ಕುಂದಗೋಳದ ಕಚೇರಿಯೊಂದರಲ್ಲಿ ಕಾರಕೂನನಾಗಿದ್ದ ನಾನು ರಜೆ ಹಾಕಿ, ಮುಂಬೈಗೆ ಹೋಗಿ, ತಲೆಯ ಹಿಂಭಾಗದ ಕೂದಲನ್ನು ಚರ್ಮದ ಸಣ್ಣ ಬಿಲ್ಲೆಗಳ ಸಮೇತ ಮುಂದಕ್ಕೆ ನೆಡಿಸಿಕೊಂಡೆ. ಏನೇನು ಕೆಡಬಹುದಿತ್ತು! ಕೀವು ತುಂಬಬಹುದಿತ್ತು. ಸೂಜಿ ಆಳಕ್ಕಿಳಿದು ಮಗ್ಗಿ ಮರೆತುಹೋಗಬಹುದಿತ್ತು. ಕೂದಲು ಒಳಮುಖವಾಗಿ ಬೆಳೆಯಬಹುದಿತ್ತು. ರೈಲಿನ ಕುಲುಕಾಟಕ್ಕೆ ನೆಟ್ಟದ್ದೆಲ್ಲ ಸಡಿಲಾಗಬಹುದಿತ್ತು. ಹಿಂದಿನದೂ ಹೋಗಿ ಮುಂದಿನದೂ ಬಾರದೆ ಬರೀ ಕಲೆ ಉಳಿಯಬಹುದಿತ್ತು. ಬ್ಯಾಂಡೇಜು ಬಿಚ್ಚಿದ ದಿನವೇ ಕಾಗೆ ಬಂದು ಕುಕ್ಕಬಹುದಿತ್ತು. ಹುಬ್ಬಳ್ಳಿ ನಿಲ್ದಾಣ ಬರುವುದರೊಳಗೆ ಇಷ್ಟನ್ನೂ ನಾನು ಮನಸ್ಸಿನಲ್ಲಿ ಒಂದೊಂದಾಗಿ ಅನುಭವಿಸಿ ಮುಗಿಸಿದ್ದೆ.

ಊರು ಮುಟ್ಟುವಾಗ ಬಾವು ಹಣೆಯಿಂದ ಇಳಿದು ಕಣ್ಣು ಮುಚ್ಚಿಸಿತ್ತು. ಮಾವ ಬಾಗಿಲಲ್ಲೇ ನೋಡಿ ಅವ್ವನನ್ನು ಕರೆದ. “ಬಾರವಾ, ನಿನ್ನ ಮಗ ಕೂದಲಾ ತರತೇನಿ ಅಂತ ಮುಂಬೈಗೆ ಹೋಗಿ ಹೊಸಾ ಮಾರಿ ತಂದಾನ ನೋಡು.”

ಬಾವು ಇಳಿಯಿತು, ಹಕ್ಕಳೆ ಉದುರಿತು. ಹಿಂದೆಯೇ ನೆಟ್ಟ ಕೂದಲೂ ಉದುರತೊಡಗಿತು. ಬೇರು ಒಳಗಿರುತ್ತದೆ, ಮೂರು ನಾಲ್ಕು ತಿಂಗಳು ತಾಳಿ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆದರೆ ಕೆಟ್ಟ ಸುದ್ದಿಯನ್ನು ಮಾತ್ರ ನಂಬುವ ಜಾತಿ ನನ್ನದು. ಮಾವ ದಿನಾ ನನ್ನ ತಲೆದಿಂಬನ್ನು ಅಂಗಳಕ್ಕೆ ಒಯ್ದು ಝಾಡಿಸಿ, “ಬೀಗರು ಊರಿಗೆ ಹೊಂಟಾರಪಾ” ಎಂದು ಓಣಿಗೆಲ್ಲ ಕೇಳುವಂತೆ ಸಾರುತ್ತಿದ್ದ. ನಾನು ಬಿಸಿಲಿನಲ್ಲಿ ಕನ್ನಡಿ ಹಿಡಿದು ಕೂಡುತ್ತಿದ್ದೆ. ಅವನು ಬೇಕೆಂದೇ ಎದುರು ಕುಳಿತು ಎಣ್ಣೆ ಹಚ್ಚಿ ತಲೆ ಬಾಚಿಕೊಳ್ಳುತ್ತಿದ್ದ. ಅವನ ಬಾಚಣಿಗೆಯ ಸದ್ದಿಗೆ ನಾನು ಹಲ್ಲು ಕಡಿಯುತ್ತಿದ್ದೆ.

ನಾಲ್ಕನೆಯ ತಿಂಗಳಲ್ಲಿ ಚಿಗುರು ಕಂಡಿತು. ಸೊಟ್ಟ, ಒರಟು, ಗುಂಪುಗುಂಪು. “ಮೆಣಸಿನ ಸಸಿ ಹಚ್ಯಾರಲೇ, ಆದರ ಸಾಲು ತಪ್ಪ್ಯಾವ” ಎಂದ ಮಾವ. ಒಂಬತ್ತನೆಯ ತಿಂಗಳ ಹೊತ್ತಿಗೆ ಅಡ್ಡ ಬಾಚಿದರೆ ದೂರದಿಂದ ಕೂದಲೆಂದೇ ಕಾಣುತ್ತಿತ್ತು. ಅಷ್ಟರಲ್ಲಿ ಮಿಶ್ರಿಕೋಟಿಯಿಂದ ಕನ್ಯೆ ನೋಡಲು ಕರೆ ಬಂತು. ಆಗ ಅವ್ವ ತನ್ನ ಹರಕೆಯನ್ನು ಹೊರತೆಗೆದಳು.

“ಅಣ್ಣಾ, ಹೊಸದಾಗಿ ಹುಟ್ಟಿದ ಕೂದಲಾ. ಜಾವಳಾ ತಗೀತೇವಿ ಅಂತ ದೇವರಿಗೆ ಬೇಡಿಕೊಂಡೇನಿ. ಸೋದರಮಾವ ನೀನ ಕತ್ತರಿ ಹಿಡೀಬೇಕು.”

ಕೂಸಿನ ಮೊದಲ ಕೂದಲನ್ನು ಸೋದರಮಾವ ತೆಗೆದು ತಲೆ ಬೋಳಿಸುವುದು ನಮ್ಮಲ್ಲಿ ಪದ್ಧತಿ. ಅಂದರೆ ಕನ್ಯೆ ನೋಡುವ ವಾರವೇ ನಾನು ಮತ್ತೆ ಬೋಳ. ಮಾವ ಅವ್ವನ ಮೇಲೆ ಹರಿಹಾಯ್ದ.

“ಹುಚ್ಚಿ! ಅವೇನು ಹೊಸಾವೇನು? ಹಿಂದಿನವು ಎಬ್ಬಿಸಿ ಮುಂದ ಕುಂದರಿಸ್ಯಾರ. ಕುಂದಗೋಳದ ಮಾಸ್ತರನ್ನ ಕಲಘಟಗಿಗೆ ವರ್ಗಾ ಮಾಡಿದರ ಅವಗ ಮತ್ತ ತೊಟ್ಟಲಾ ಕಟ್ಟತಾರೇನು? ಆ ಕೂದಲಿಗೆ ಒಮ್ಮೆ ಜಾವಳಾ ತಗದೇನಿ. ಇನ್ನೊಮ್ಮೆ ತಗಿಯಂಗಿಲ್ಲ.”

ಅವ್ವ ಅತ್ತಳು. ಜನ್ಮದಲ್ಲಿ ಮೊದಲ ಸಲ ಮಾವನ ಮಾತು ನನಗೆ ಸರಿ ಕಂಡಿತ್ತು, ಆದರೆ ಅವ್ವನನ್ನು ಅಳಿಸಿದ್ದಕ್ಕೆ ಅವನ ಮೇಲೆ ಇನ್ನಷ್ಟು ಉರಿದೆ. ಅಪ್ಪನಿಲ್ಲದ ಮೇಲೆ ಹಿರಿಯನೆಂದು ಅವನೇ ಮಿಶ್ರಿಕೋಟಿಗೆ ಬರಬೇಕು. ಬರುತ್ತೇನೆಂದ, ಜೊತೆಗೆ ಒಂದು ಮಾತು ಸೇರಿಸಿದ: “ಅವರು ಕೇಳಿದರ ನಾ ಸುಳ್ಳ ಹೇಳಾಂವ ಅಲ್ಲ. ಮೊದಲ ಹೇಳೇನಿ.” ಮುಂಬೈಯ ಗುಟ್ಟು ಹೊರಬಿದ್ದರೆ ಈ ಸಂಬಂಧವೂ ಹೋಯಿತು, ಅದು ಅವನ ನಾಲಿಗೆಯ ತುದಿಯಲ್ಲಿತ್ತು.

ಮಿಶ್ರಿಕೋಟಿಯಲ್ಲಿ ಅವಲಕ್ಕಿ ಬಂತು. ಹುಡುಗಿ ಬಂದು ಕುಳಿತಳು. ಹುಡುಗಿಯ ಅಪ್ಪ ನನ್ನ ತಲೆಯನ್ನು ಒಂದು ಗಳಿಗೆ ಹೆಚ್ಚೇ ನೋಡಿ ಮಾವನತ್ತ ತಿರುಗಿದರು. “ನಿಮ್ಮ ಹುಡುಗನ ಕೂದಲಾ ಒಂದ ನಮೂನಿ ಅದಾವಲ್ಲರಿ?”

ಮಾವ ಬಾಯಲ್ಲಿದ್ದ ಅವಲಕ್ಕಿಯನ್ನು ಪೂರ್ತಿ ಅಗಿದು ನುಂಗಿದ. ಅವ್ವ ಸೆರಗು ಬಿಗಿಹಿಡಿದಳು.

“ನಮ್ಮ ಕಡೇವ್ರಿ ಅವು,” ಎಂದ, ತನ್ನ ಜೊಂಪೆಗೆ ಕೈಹಾಕಿ. “ಹುಟ್ಟಿದಾಗ ಅಗದಿ ತಲಿ ತುಂಬ ಇದ್ದುವು, ಜಾವಳಾ ನಾನ ತಗದೇನಿ. ಅವರಪ್ಪನ ಕಡಿಗೆ ಹೋಗಿದ್ದರ ಇಷ್ಟೊತ್ತಿಗೆ ತಂಬಿಗಿ ಆಗತಿದ್ದಾ.”

ಹಿಂದಲೆಯಿಂದ ಮುಂದೆ ಬಂದ ಆ ಕೂದಲಿನ ಮಟ್ಟಿಗೆ ಒಂದಕ್ಷರ ಸುಳ್ಳಿಲ್ಲ. ಸತ್ತ ನನ್ನಪ್ಪನನ್ನು ಬೀಗರ ಮನೆಯಲ್ಲಿ ಬೈದೇ ನನ್ನನ್ನು ಉಳಿಸಿದ. ಅಲ್ಲೇ ಒಪ್ಪಿಗೆಯೂ ಆಯಿತು. ನನ್ನ ಸಂಸಾರ ಆ ಒಂದು ಮಾತಿನ ಋಣ. ಅವನು ಬದುಕಿರುವತನಕ ಅದನ್ನು ಹೇಳಲು ನನ್ನ ಸಿಟ್ಟು ಬಿಡಲಿಲ್ಲ.

ತಿರುಗಿ ಬರುವ ಬಸ್ಸಿನಲ್ಲಿ ಮಾವ ನನ್ನ ಕಡೆ ನೋಡದೆಯೇ, “ನಿನ್ನ ಸಲುವಾಗಿ ಹೇಳಿಲ್ಲಲೇ ಬಟಾಟಿ, ನಮ್ಮ ಮನಿತನದ ಸಲುವಾಗಿ” ಎಂದ. ಅವ್ವ ಮುಂದಿನ ಸೀಟಿನಿಂದ ತಿರುಗಿ, “ಅದಿರ್ಲಿ, ಹುಡುಗಿ ಹೆಂಗ ಅನಸಿದಳೋ?” ಎಂದು ಕೇಳಿದಳು.

ಕೀವಾಗಿರಲಿಲ್ಲ, ಕಾಗೆ ಕುಕ್ಕಿರಲಿಲ್ಲ, ಗುಟ್ಟೂ ಹೊರಬಿದ್ದಿರಲಿಲ್ಲ. ಕೆಟ್ಟದ್ದು ಇಷ್ಟೇ: ಹೊತ್ತು ಪೂರ್ತಿ ಮಾವನ ಬಾಯಿಯನ್ನೇ ನೋಡುತ್ತ ಕುಳಿತ ನಾನು ಹುಡುಗಿಯ ಮುಖ ನೋಡಿರಲಿಲ್ಲ.