ಕ್ಲಬ್ಬಿನ ಚರಿತ್ರೆಯ ಮೂರನೇ ಪುಟ

ಊರಿನ ಹೆಸರಾಂತ ಗಾಲ್ಫ್ ಕ್ಲಬ್ಬೊಂದು ತನ್ನ ಚರಿತ್ರೆಯನ್ನು ದಪ್ಪ ಪುಸ್ತಕವಾಗಿ ಅಚ್ಚು ಹಾಕಿಸಿತು. ಇಂಗ್ಲಿಷ್ ಪುಸ್ತಕ. ಕನ್ನಡಕ್ಕೆ ಕೊನೆಯಲ್ಲಿ ನಾಲ್ಕು ಪುಟ, ಮದುವೆ ಮನೆಯಲ್ಲಿ ಡ್ರೈವರುಗಳಿಗೆ ಕೊನೇ ಪಂಕ್ತಿ ಹಾಕಿದ ಹಾಗೆ. ರಾಜಾಜಿನಗರದ ಒಂದು ಪ್ರೆಸ್ಸಿನಲ್ಲಿ ನಾನು ಕರಡು ತಿದ್ದುತ್ತೇನೆ. ಆ ನಾಲ್ಕು ಪುಟ ನನ್ನ ಮೇಜಿಗೆ ಬಂದವು.

ಬ್ರಿಟಿಷರು ಕುರುಚಲು ಬಯಲಲ್ಲಿ ಆಟ ಶುರು ಮಾಡಿದ್ದು, ಅವರು ಹೋದ ಮೇಲೆ ನಮ್ಮವರು ಅವರ ಕುರ್ಚಿ, ಅವರ ನಿಯಮ, ಅವರ ಗತ್ತು ಎಲ್ಲವನ್ನೂ ಲೆಕ್ಕ ತಪ್ಪದೆ ವಹಿಸಿಕೊಂಡಿದ್ದು, ಯಾರ ನಂತರ ಯಾರು ಕ್ಯಾಪ್ಟನ್ ಆದರು, ಯಾರ ನಾಯಿ ಯಾರ ಚೆಂಡು ಕಚ್ಚಿಕೊಂಡು ಓಡಿತು, ಎಲ್ಲ ಇತ್ತು. ನಾಯಿಯ ಹೆಸರೂ ಇತ್ತು.

ಮೂರನೇ ಪುಟದಲ್ಲಿ ಒಂದು ಕಪ್ಪುಬಿಳುಪು ಫೋಟೋ. ತಲೆಗೆ ಟವೆಲ್ ಸುತ್ತಿದ ಮನುಷ್ಯ ಹಗ್ಗ ಕಟ್ಟಿದ ಗೋಣಿತಟ್ಟನ್ನು ಮರಳಿನ ಮೇಲೆ ಎಳೆಯುತ್ತಿದ್ದಾನೆ. ಎಡಭುಜ ಸ್ವಲ್ಪ ಇಳಿದಿದೆ. ಕೆಳಗೆ, ‘ಹಳೆಯ ದಿನಗಳ ಒಂದು ಬೆಳಗು’ ಎಂಬ ಒಕ್ಕಣೆ. ಅದು ನಮ್ಮಪ್ಪ.

ಆಗ ಚೆಂಡು ಬೀಳುವ ಗುಳಿಯ ಸುತ್ತ ಈಗಿನಂತೆ ಹುಲ್ಲು ಇರಲಿಲ್ಲ. ಎಣ್ಣೆ ಬೆರೆಸಿದ ಮರಳನ್ನು ಸಮ ಮಾಡಿರುತ್ತಿದ್ದರು. ಅದಕ್ಕೆ ಬ್ರೌನ್ ಎನ್ನುತ್ತಿದ್ದರು. ಆಡಿದವರು ಮುಂದೆ ಹೋದ ಕೂಡಲೇ ಅಪ್ಪ ಗೋಣಿತಟ್ಟು ಎಳೆದುಕೊಂಡು ಸುತ್ತು ಹಾಕಿ ಹೊರಗೆ ಬರಬೇಕು, ತನ್ನ ಹೆಜ್ಜೆಯೂ ಉಳಿಯಬಾರದು. ಹುಲ್ಲು ಬಂದ ಮೇಲೆ ಹುಲ್ಲು ಕಾಯುವ ಕೆಲಸ. ನಾಯಂಡಹಳ್ಳಿಯಿಂದ ಸೈಕಲ್ ತುಳಿದು, ಮೂವತ್ತು ವರ್ಷ. ಪುಸ್ತಕದಲ್ಲಿ ಮಾತ್ರ ‘ಹಸಿರು ಹಾಸನ್ನು ಸಮಿತಿಯು ಬೆಳೆಸಿತು’ ಎಂದಿತ್ತು. ಸಮಿತಿ ಬಗ್ಗಿ ಕಳೆ ಕಿತ್ತಿದ್ದನ್ನು ನಾನಂತೂ ಕಂಡಿಲ್ಲ.

ಸಂಜೆ ಮೂಡಲಪಾಳ್ಯದ ಮನೆಯಲ್ಲಿ ಅಮ್ಮನಿಗೆ ಮೊಬೈಲಿನಲ್ಲಿ ತೋರಿಸಿದೆ. ಅಪ್ಪ ಹೋಗಿ ಒಂಬತ್ತು ವರ್ಷವಾಗಿತ್ತು. ಅಮ್ಮ ಮುಖ ನೋಡಲಿಲ್ಲ, ಅಂಗಿ ನೋಡಿದಳು.

“ಜೇಬಿನ್ ಹತ್ರ ತೇಪೆ ಕಾಣ್ತಾ ಇದ್ಯಾ? ನಾನೇ ಹಾಕಿದ್ದು. ಕೆಳಗಡೆ ಹೆಸ್ರು ಹಾಕ್ಸೋ.”

ಮರುದಿನ ಮಧ್ಯಾಹ್ನದೊಳಗೆ ಅಮ್ಮನ ಬಾಯಿಂದ ನಮ್ಮ ಬೀದಿಗೆಲ್ಲ ಗೊತ್ತಾಗಿತ್ತು, ಯಜಮಾನರ ಹೆಸರು ಪುಸ್ತಕದಲ್ಲಿ ಬರುತ್ತದೆ ಅಂತ.

ಸುಮ್ಮನೆ ಹಾಕಿಬಿಡಬಹುದಿತ್ತು. ಆ ಕನ್ನಡ ಪುಟಗಳನ್ನು ಕ್ಲಬ್ಬಿನಲ್ಲಿ ಯಾರೂ ಓದುವವರಿರಲಿಲ್ಲ. ಆದರೆ ನಾನು ಗೇಟಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಬಸ್ಸಿಳಿದು ವಾಪಸ್ಸು ಹೋಗುವ ಜಾತಿ. ಯಾರೋ ಓದಿ, ಮಾಲೀಕರಿಗೆ ಫೋನ್ ಬಂದು, ಐವತ್ತೆರಡನೇ ವಯಸ್ಸಿನಲ್ಲಿ ನಾನು ಕೆಲಸ ಹುಡುಕುತ್ತಿರುವುದೆಲ್ಲ ಕಣ್ಣಿಗೆ ಕಟ್ಟಿತು. ಕರಡು ಹಿಡಿದು, ಅನುಮತಿ ಕೇಳಲು ಹೊರಟೆ.

ಕ್ಲಬ್ಬಿಗೆ ಕಾಲರ್ ಇಲ್ಲದ ಅಂಗಿ ನಡೆಯದೆಂದು ಗೊತ್ತಿತ್ತು. ಕಾಲರ್ ಇದ್ದೇ ಇರುವ ಅಂಗಿಯ ಕಾಲರನ್ನು ಎರಡು ಸಲ ಮುಟ್ಟಿ ನೋಡಿಕೊಂಡಿದ್ದೆ. ಚಪ್ಪಲಿಯ ವಿಷಯ ಹೊಳೆದಿರಲಿಲ್ಲ. ಅಲ್ಲಿ ಯಾರೂ ಗದರುವುದಿಲ್ಲ, ಅದೇ ಅಲ್ಲಿನ ಗುಣ. ಬಹಳ ನಯವಾಗಿ, ಒಳಗೆ ಬಿಡದೆ, ಪೋರ್ಟಿಕೋದ ಬೆಂಚಿನ ಮೇಲೆ ಕೂರಿಸಿದರು. ಮುಕ್ಕಾಲು ಗಂಟೆಯ ನಂತರ ಪುಸ್ತಕ ಸಮಿತಿಯ ಹಿರಿಯರು ಬಂದರು. ಫೋಟೋದಲ್ಲಿರುವ ಮಾಲಿಯ ಹೆಸರು ಸಿಕ್ಕಿದೆ ಸಾರ್, ಹಾಕಬಹುದಾ ಅಂದೆ.

ಅವರು ಕನ್ನಡಕ ಏರಿಸಿ ಫೋಟೋ ನೋಡಿದರು. “ಇದು ಮೆಂಬರ್ಸ್ ಹಿಸ್ಟರಿ ಅಲ್ವಾ. ಒಬ್ಬ ಮಾಲಿ ಹೆಸ್ರು ಹಾಕಿದ್ರೆ ಮಿಕ್ಕವ್ರು ಏನಂದ್ಕೋತಾರೆ? ಸುಮ್ನೆ ಕಾಂಟ್ರವರ್ಸಿ. ನೋಡೋಣ ಬಿಡಿ.”

ನಾಯಿಯ ಹೆಸರು ಹಾಕಿದಾಗ ಮಿಕ್ಕ ನಾಯಿಗಳು ಏನಂದುಕೊಂಡವು ಎಂದು ಕೇಳಬೇಕಿತ್ತು. “ಥ್ಯಾಂಕ್ಯೂ ಸಾರ್” ಅಂದೆ. ನಾಯಿಯ ಮಾತು ಹೊಳೆದದ್ದು ವಾಪಸ್ಸು ಬರುವಾಗ, ಮೆಟ್ರೋದಲ್ಲಿ, ವಿಜಯನಗರ ದಾಟಿದ ಮೇಲೆ.

ಅವರು ನೋಡಿದರು. ಎರಡು ದಿನದಲ್ಲಿ ಪ್ರೆಸ್ಸಿಗೆ ಸೂಚನೆ ಬಂತು: ಮೂರನೇ ಪುಟದ ಫೋಟೋ ತೆಗೆದು ಬೆಳ್ಳಿ ಕಪ್ಪುಗಳ ಬೀರುವಿನ ಚಿತ್ರ ಹಾಕಿ. ಹಾಕಿದೆ. ನನ್ನ ಕೈಯಿಂದಲೇ. ಕಪ್ಪುಗಳು ನೇರವಾಗಿ ಕೂತಿವೆಯೋ ಎಂದು ಅಳತೆಯನ್ನೂ ನೋಡಿದೆ. ಮೈಯೆಲ್ಲ ಉರಿಯುತ್ತಿತ್ತು, ಅಳತೆ ಮಾತ್ರ ತಪ್ಪಲಿಲ್ಲ.

ಪುಸ್ತಕ ಬಂದ ದಿನ ಮನೆಗೆ ತಂದು ಅಮ್ಮನ ಮುಂದಿಟ್ಟು ಕ್ಲಬ್ಬಿನವರನ್ನು ಬಾಯಿಗೆ ಬಂದಂತೆ ಬೈದೆ. ಬೆವರು ಬೇಕು, ಹೆಸರು ಬೇಡ. ಮೂವತ್ತು ವರ್ಷ ದುಡಿದ ಮನುಷ್ಯನಿಗೆ ನಾಯಿಗೆ ಕೊಟ್ಟಷ್ಟೂ ಜಾಗ ಇಲ್ಲವೇ ಅಂದೆ. ಪಕ್ಕದ ಮನೆಯವರು ಟಿವಿ ಸದ್ದು ಕಡಿಮೆ ಮಾಡಿದರು. ಅಮ್ಮ ಬೀರುವಿನ ಚಿತ್ರವನ್ನೇ ನೋಡುತ್ತ ಕೇಳಿದಳು.

“ನಮ್ಮಪ್ಪ ಅಂತ ಹೇಳಿದ್ಯಾ ಅವ್ರಿಗೆ?”

ಇಲ್ಲ ಅಂದೆ.

“ಮತ್ತೆ ಏನಂದೆ?”

ಮಾಲಿ ಅಂದೆ ಎನ್ನುವ ಬದಲು ಬೀರುವಿನ ಪುಟ ಮಗುಚಿದೆ. ಅಮ್ಮ ಪುಸ್ತಕ ಮುಚ್ಚಿ ನನ್ನ ಕಡೆ ತಳ್ಳಿದಳು. “ತಗೊಂಡ್ ಹೋಗ್ ಕೊಟ್ಬಿಟ್ ಬಾ ಅವ್ರಿಗೇ. ಕೊಡೋವಾಗ್ ಆದ್ರೂ ಹೇಳು.”