ನೀಲಿ ಗೋಲಿಗಳಿಗೆ ಶುಕ್ರವಾರದ ಪೂಜೆ

ಶಿಕಾರಿಪುರದ ಪೇಟೆಯಲ್ಲಿದ್ದ ಪರಮಶಿವಪ್ಪನವರ ಪ್ರೆಸ್ಸಿನಲ್ಲಿ ತಣ್ಣಗಿದ್ದದ್ದು ಒಂದೇ ಕೋಣೆ, ಕಂಪ್ಯೂಟರಿನದು. ಹೊರಗೆ ಮನುಷ್ಯರು ಬೆವರು ಸುರಿಸಿಕೊಂಡು ಕಾಗದ ಮಡಚುತ್ತಿದ್ದರೆ ಒಳಗೆ ಮಿಷನ್ನು ಏಸಿ ಗಾಳಿ ತಗೊಳ್ಳುತ್ತ ಹಾಯಾಗಿ ಕೂತಿರುತ್ತಿತ್ತು. ಅದರ ಮುಂದಿನ ಕುರ್ಚಿ ಮಹಾದೇವಮ್ಮನದು. ಸೊರಬದ ಕಡೆಯ ಉಳವಿಯವಳು. ಗಂಡ ತೀರಿಕೊಂಡ ಮೇಲೆ ಹಣೆಗೆ ಬರೀ ವಿಭೂತಿ ಇಟ್ಟುಕೊಂಡು ಇಲ್ಲಿ ಅಚ್ಚಿನ ಮೊಳೆ ಜೋಡಿಸಲು ಬಂದಳು. ಕಂಪ್ಯೂಟರ್ ಬಂದಾಗ ಹಟ ಹಿಡಿದು ಅದನ್ನೂ ಕಲಿತಳು.

ಇಂಗ್ಲಿಷ್ ಬಾರದು. ಪರದೆ ಮೇಲಿನ ಪುಟ್ಟ ಚಿತ್ರಗಳೇ ಅವಳಿಗೆ ಆಸರೆ. ಹಣತೆ ಒತ್ತಿದರೆ ಕನ್ನಡ ಅಕ್ಷರ, ಕುಂಚ ಒತ್ತಿದರೆ ಬಳ್ಳಿಯ ಅಂಚು, ಪೆಟ್ಟಿಗೆ ಒತ್ತಿದರೆ ಗಣಪತಿಗಳ ಸಾಲು.

ತೊಂಬತ್ತೇಳರ ಮದುವೆ ಕಾಲದಲ್ಲಿ ಯಜಮಾನರ ಸೋದರಳಿಯ ಯತೀಶ ಶಿವಮೊಗ್ಗದಲ್ಲಿ ಕೋರ್ಸು ಮುಗಿಸಿ ಬಂದವನೇ ಹೊಸ ಸಾಫ್ಟ್‌ವೇರ್ ಹಾಕಿದ. ಬೆಳಿಗ್ಗೆ ಬಂದು ನೋಡುತ್ತಾಳೆ, ಹಣತೆ ಇಲ್ಲ, ಕುಂಚ ಇಲ್ಲ. ಅಲ್ಲೆಲ್ಲ ನೀಲಿ ಗೋಲಿಗಳು, ಒಂದರ ಹಾಗೇ ಇನ್ನೊಂದು.

"ಏನೋ ಯತೀಶ, ಎಲ್ಲಾದಕ್ಕೂ ಒಂದೇ ಮುಖ ಮೆತ್ತಿದೀಯಲ್ಲೋ?"

"ಈಗ ಇದೇ ಫ್ಯಾಷನ್ನು ಮಾದೇವಕ್ಕ. ಕಣ್ಣಿಗೆ ತಂಪು."

"ನನ್ ಹೊಟ್ಟಿಗೆ ಬೆಂಕಿ."

ಅವತ್ತೇ ಸೊರಬದ ಉಚ್ಚಂಗಪ್ಪನವರು ಮಗಳ ಲಗ್ನಪತ್ರಿಕೆ ನೋಡಲು ಬರಬೇಕೆ! ಬಹಳ ಮಡಿವಂತ ಮನುಷ್ಯ. ಯಜಮಾನರು ಹೆಮ್ಮೆಯಿಂದ ಚಪ್ಪಲಿ ಬಿಡಿಸಿ ಒಳಗೆ ಕರೆತಂದರು. ಮಹಾದೇವಮ್ಮ ಗಣಪತಿಗೆಂದು ಒಂದು ಗೋಲಿ ಒತ್ತಿದಳು. ಪರದೆ ತುಂಬ ಇಸ್ಪೀಟೆಲೆ ಹರಡಿಕೊಂಡವು. ಗಾಬರಿಯಲ್ಲಿ ಮತ್ತೆ ಒತ್ತಿದಳು, ಒಬ್ಬ ರಾಜ ಮಗುಚಿಕೊಂಡು ಅವರನ್ನೇ ದಿಟ್ಟಿಸಿದ. ಉಚ್ಚಂಗಪ್ಪನವರು ಚಪ್ಪಲಿ ಮೆಟ್ಟಿಕೊಂಡು ನಡೆದರು.

ಯಜಮಾನರು ಕೆಂಡವಾದರು. "ಕೈಕಾಲು ಹಿಡಿದು ಸೋಮವಾರ ಮತ್ತೆ ಕರೆಸ್ತೀನಿ. ಅವತ್ತೂ ಹಿಂಗೇ ಆದ್ರೆ ಈ ಕುರ್ಚಿ ಯತೀಶಂದು. ನೀನು ಹೊರಗೆ ಕಾಗದ ಮಡಚು."

ಯತೀಶ ಊಟಕ್ಕೆ ಹೋದಾಗ ಅವಳು ಗೋಲಿಗಳನ್ನು ಒಂದೊಂದಾಗಿ ಒತ್ತಿ ನೋಡಿ, ಬೇಕಾದವುಗಳ ಮೇಲೆ ಗಾಜಿಗೇ ಸೀಮೆಸುಣ್ಣದ ಗುರುತು ಹಾಕಿದಳು. ಅವನು ಬಂದು ಕರ್ಚೀಫಿನಿಂದ ನೀಟಾಗಿ ಒರೆಸಿದ. "ಗಾಜು ಕೊಳೆ ಮಾಡಬಾರ್ದಕ್ಕ." ಕುರ್ಚಿಯ ಮೇಲೆ ಕಣ್ಣಿಟ್ಟವನಿಗೆ ಶುಚಿತ್ವ ಎಲ್ಲಿಲ್ಲದಷ್ಟು ನೆನಪಾಗುತ್ತದೆ. ಮಹಾದೇವಮ್ಮನಿಗೆ ಅಳು ಬಂತು. ಅಳುವಿನ ಬೆನ್ನಿಗೇ ಒಂದು ಉಪಾಯವೂ ಬಂತು.

ಯಜಮಾನರ ಹೆಂಡತಿ ವೀರಮ್ಮ ಪ್ರತಿ ಶುಕ್ರವಾರ ಮಿಷನ್ನುಗಳಿಗೆ ಪೂಜೆ ಮಾಡಲು ಬರುತ್ತಿದ್ದರು.

"ಅಮ್ಮಾರೆ, ಲಗ್ನಪತ್ರಿಕೆ ಮಾಡೋ ಮಿಷನ್ನು ಇದು, ಗಾಜಿಗೆ ಐದು ಬೊಟ್ಟು ಇಡ್ರಿ," ಎಂದಳು ಮಹಾದೇವಮ್ಮ. ತಾನು ಕುಂಕುಮ ಮುಟ್ಟುವಂತಿಲ್ಲ, ದೂರದಿಂದಲೇ ಜಾಗ ತೋರಿಸಿದಳು. "ಇಲ್ಲೊಂದು. ಸ್ವಲ್ಪ ಎಡಕ್ಕೆ. ಹಾಂ, ಅಲ್ಲೇ."

ಯತೀಶನಿಗೆ ಮಸಲತ್ತು ತಿಳಿಯಿತು. ಕರ್ಚೀಫು ತೆಗೆದ.

"ಏಯ್! ಮದುವಿ ಪತ್ರಿಕೆ ಮಾಡೋ ಜಾಗದಾಗ ಕುಂಕುಮ ಒರೆಸ್ತೀಯಾ?" ವೀರಮ್ಮನ ಕೂಗು ಬೀದಿಗೆ ಕೇಳಿತು. ಕರ್ಚೀಫು ಮರಳಿ ಜೇಬು ಸೇರಿತು. ಕುಂಕುಮ ಒರೆಸುವುದೆಂದರೆ ಏನೆಂದು ಅಲ್ಲಿ ಮಹಾದೇವಮ್ಮನಷ್ಟು ಬಲ್ಲವರು ಇರಲಿಲ್ಲ. ಆದರೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ಸೋಮವಾರ ಉಚ್ಚಂಗಪ್ಪನವರು ಮುಖ ಗಂಟಿಕ್ಕಿಕೊಂಡೇ ಕೂತರು. ಅವಳು ಬೊಟ್ಟು ನೋಡಿ ನೋಡಿ ಒತ್ತಿದಳು. ಅಕ್ಷರ ಬಂತು, ಅಂಚು ಬಂತು, ಗಣಪತಿ ಬಂದ. ಕುಂಕುಮ ಹಚ್ಚಿದ ಗಾಜಿನೊಳಗೆ ಮಗಳ ಹೆಸರು ಕಂಡದ್ದೇ ಅವರು ಕೈಮುಗಿದರು. "ಭಾಳ ಲಕ್ಷಣವಾಗೈತ್ರಿ." ಕುರ್ಚಿ ಉಳಿಯಿತು. ಯತೀಶ ಹೊರಗೆ ಕಾಗದ ಮಡಚಲು ಕೂತ.

ಮುಂದಿನ ಶುಕ್ರವಾರದ ಹೊತ್ತಿಗೆ ಬೊಟ್ಟುಗಳು ಉದುರಿದ್ದವು. ವೀರಮ್ಮ ಏಸಿಯ ಕೆಳಗೆ ಕೂತು ಕುಂಕುಮದ ಭರಣಿಯನ್ನು ಅವಳತ್ತ ತಳ್ಳಿದರು. "ನೀನೇ ಇಡು. ಯಾವ ಗೋಲಿ ಯಾತಕ್ಕೆ ಅಂತ ನಂಗೇನ್ ಗೊತ್ತು?"

ಮಹಾದೇವಮ್ಮ ಭರಣಿಯಿಂದ ಹಿಂದಕ್ಕೆ ಸರಿದಳು. ಇವರಿಗೆ ಮೊದಲೇ ಎಲ್ಲ ಗೊತ್ತಿತ್ತು! "ನಾನು ಮುಟ್ಟಬಾರ್ದಲ್ರೀ ಅಮ್ಮಾರೆ."

"ಮಿಷನ್ನೇನು ಬ್ಯಾಡ ಅಂತದಾ? ಇಡು."

ಅವಳು ಒಂದೊಂದೇ ಬೊಟ್ಟು ಇಟ್ಟಳು. ಕೊನೆಯದನ್ನು ಇಡುವಾಗ ಬಾಗಿಲಲ್ಲಿ ಯಜಮಾನರು. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ಅವರು ಅವಳ ಕೆಂಪು ಬೆರಳನ್ನೊಮ್ಮೆ ನೋಡಿದರು. ಆಮೇಲೆ ಕನ್ನಡಕ ಏರಿಸಿ ಗಾಜಿನ ಹತ್ತಿರ ಬಗ್ಗಿದರು.

"ಆ ಮೂಲೇದು ಗೋಲಿ ಮ್ಯಾಲೆ ಸರಿಯಾಗಿ ಕುಂತಿಲ್ಲ ನೋಡು. ಸ್ವಲ್ಪ ಮ್ಯಾಲಕ್ಕಿಡು."