ಪೆಡಲ್ ಮೇಲಿನ ಬರಿಗಾಲು

ಅವರ ಬಲಗಾಲಿನ ಹೆಬ್ಬೆರಳ ಉಗುರು ಕಪ್ಪಗಿತ್ತು. ಯಾವಾಗಲೋ ಪಂಪ್‌ಸೆಟ್ಟಿನ ಮೋಟಾರು ಬಿದ್ದ ಗುರುತು. ಕಿಬ್ಬನಹಳ್ಳಿಯಲ್ಲಿ ಮೋಟಾರಿಗೆ ತಂತಿ ಸುತ್ತುವ ಅಂಗಡಿ ಅವರದು. ಮದುವೆ ಕಾಲ ಬಂದರೆ ತಿಪಟೂರಿನ ನಮ್ಮ ಆರ್ಕೆಸ್ಟ್ರಾದಲ್ಲಿ ಗಿಟಾರಿಗೆ ಅವರೇ. ನಾನು ಅವರನ್ನು ಗಿಟಾರಣ್ಣ ಎಂದೇ ಕರೆಯುತ್ತಿದ್ದೆ. ವೇದಿಕೆಯ ಮೇಲೆ ಚಪ್ಪಲಿ ಬಿಟ್ಟು ಆ ಹೆಬ್ಬೆರಳನ್ನು ಪೆಡಲ್ ಮೇಲೆ ಇಡುತ್ತಿದ್ದರು. ತುಳಿದಷ್ಟೂ ಗಿಟಾರಿನ ನಾದವನ್ನು ನಡುಗಿಸುವ, ಅರಚಿಸುವ ಪೆಟ್ಟಿಗೆ ಅದು.

“ಚಪ್ಪಲಿ ಹಾಕ್ಕಂಡ್ರೆ ಎಷ್ಟು ತುಳಿದೆ ಅಂತ ಕಾಲಿಗೆ ಗೊತ್ತಾಗಲ್ಲ ಕಣವ್ವ” ಎನ್ನುತ್ತಿದ್ದರು.

ಅವರು ತುಳಿಯುತ್ತಿದ್ದುದೂ ಬಲು ಸ್ವಲ್ಪ. ಸಾಲು ಮುಗಿಯುವಲ್ಲಿ ನಾದದ ತುದಿಗೆ ಒಂದಿಷ್ಟು ಕಂಪನ ಅಂಟಿಕೊಳ್ಳುತ್ತಿತ್ತು, ಅಷ್ಟೇ. ನಮ್ಮ ತಂಡದ ಬೇಸ್ ಗಿಟಾರಿನವನ ರೀತಿಯೇ ಬೇರೆ. ಅವನು ಪೆಡಲ್ ಒತ್ತಿದನೆಂದರೆ ಶಾಮಿಯಾನದ ಕಂಬ ಅದುರಬೇಕು.

“ಲೇ, ಅದೇನು ಬೇಸೋ, ಬೇರಿಂಗ್ ಹೋಗಿರೋ ಮೋಟಾರೋ?” ಎಂದು ಗಿಟಾರಣ್ಣ ಕೇಳುವರು.

“ಜನಕ್ಕೆ ಇದೇ ಬೇಕು ಕಣಣ್ಣ. ನಿನ್ ಪೆಡಲ್ ಐತೋ ಇಲ್ವೋ ಅಂತಾನೇ ಗೊತ್ತಾಗಲ್ಲ.”

“ಗೊತ್ತಾಗ್ಬಾರ್ದು ಕಣ್ಲಾ. ಹಾಡೋರ ದನಿ ಕೇಳುಸ್ಬೇಕು.”

ಹಾಡುಗಾರ್ತಿಯಾಗಿ ನನ್ನ ಮೊದಲ ಕಾರ್ಯಕ್ರಮ ತುರುವೇಕೆರೆಯ ಒಂದು ಆರತಕ್ಷತೆಯಲ್ಲಿ. ಅವ್ವ ಮುಂದಿನ ಸಾಲಿನಲ್ಲಿ ಕೂತಿದ್ದಳು. “ಇದೊಂದ್ಸಲ ನೋಡ್ತೀನಿ. ನಾಕು ಜನ ನಕ್ರೆ ಅಲ್ಲಿಗೆ ಮುಗೀತು, ಮನೇಲಿರು” ಎಂದು ಬಸ್ಸಿನಲ್ಲೇ ಹೇಳಿದ್ದಳು. ಮೊದಲ ಚರಣ ಚೆನ್ನಾಗಿಯೇ ಬಂತು. ಎರಡನೆಯದರಲ್ಲಿ ಮೇಲಿನ ಸ್ವರಕ್ಕೆ ಹೋಗುವಾಗ ಗಂಟಲು ಕಟ್ಟಿತು. ಬಾಯಿ ತೆರೆದಿದೆ, ದನಿಯಿಲ್ಲ.

ಗಿಟಾರಣ್ಣ ನನ್ನ ಕಡೆ ನೋಡಿದರು. ನೋಡಿ, ಪೆಡಲನ್ನು ತಳ ಮುಟ್ಟುವಂತೆ ತುಳಿದರು. ಗಿಟಾರು ಗೂಟ ಕಿತ್ತ ಹೋರಿಯಂತೆ ಗುಟುರು ಹಾಕಿತು. ನಾನು ಹಾಡಬೇಕಿದ್ದ ಚರಣವನ್ನೆಲ್ಲ ಅವರೇ ನುಡಿಸಿದರು. ಸಿಳ್ಳೆಗಳು ಬಿದ್ದವು. ಆ ಗದ್ದಲದಲ್ಲಿ ನಾನು ನೀರು ಕುಡಿದು, ಗಂಟಲು ಸರಿಮಾಡಿಕೊಂಡು, ತಲೆಯಾಡಿಸಿದೆ. ಅವರು ಕಾಲು ಸಡಿಲಿಸಿದರು. ನಾನು ಪಲ್ಲವಿ ಎತ್ತಿಕೊಂಡೆ.

ಕೆಳಗಿಳಿದಾಗ ಅವ್ವ ಅವರ ಮೇಲೇ ಹೋದಳು. “ಏನಪ್ಪಾ, ನಮ್ ಹುಡ್ಗಿ ಹಾಡ್ತಿದ್ರೆ ನಡುವೆ ನುಗ್ಗಿ ಬಾರಿಸ್ಬುಟ್ಟೆ?”

ನಾನು ಬಾಯಿ ಬಿಡುವಷ್ಟರಲ್ಲಿ ಅವರು “ಕಾಲು ಜಾರ್ತು ಕಣಕ್ಕ, ತಪ್ಪಾಯ್ತು” ಎಂದರು.

“ಇನ್ನೊಂದ್ಸಲ ಹಂಗ್ ಮಾಡ್ಬ್ಯಾಡ.”

ನನಗೆ ಇನ್ನೊಂದು ಸಲ ಉಂಟು ಎಂದು ಗೊತ್ತಾದದ್ದು ಹಾಗೆ.

ಅಂದಿನಿಂದ ಬೇಸ್ ಗಿಟಾರಿನವನು ಆ ಕಾಲು ಜಾರಿದ ಮಾತು ಹಿಡಿದು ಅವರನ್ನು ಆಡಿಕೊಳ್ಳುವುದು ನಿಲ್ಲಿಸಲಿಲ್ಲ. ನಾನು ನಿಜ ಹೇಳಿಬಿಡುತ್ತೇನೆ ಎಂದರೆ ಗಿಟಾರಣ್ಣ ಒಪ್ಪರು. “ಬುಡವ್ವ, ನನ್ ಕಾಲು ಜಾರಿದ್ರೆ ಯಾರೂ ಮನೇಲಿ ಕೂರ್ಸಲ್ಲ.”

ನಾನು ಹಾಡಿಕೊಂಡೇ ಬದುಕು ಕಟ್ಟಿಕೊಂಡೆ. ಹೋದ ತಿಂಗಳು ಅವರು ತೀರಿಕೊಂಡರು. ಶಿವಗಣಾರಾಧನೆಯ ದಿನ ಬೇಸ್ ಗಿಟಾರಿನವನೂ ಬಂದಿದ್ದ. ಅವನಿಗೂ ಈಗ ತಲೆ ನೆರೆತಿದೆ. “ಅಷ್ಟು ಹದವಾಗಿ ಬಾರಿಸೋ ಮನುಷ್ಯ, ತುರುವೇಕೆರೇಲಿ ಒಂದೇ ಒಂದ್ಸಲ ಎಡವಿದ್ದ” ಎಂದು ನಕ್ಕ.

ನಾನು ತಡೆಯಲಾರದೆ ಎಲ್ಲವನ್ನೂ ಹೇಳಿದೆ. ಅವನು ತಲೆ ತಗ್ಗಿಸಿದ. ಗಿಟಾರಣ್ಣನ ಹೆಂಡತಿ ನನ್ನ ಕೈ ಹಿಡಿದುಕೊಂಡರು.

“ನಂಗೂ ಕಾಲು ಜಾರ್ತು ಅಂತಲೇ ಹೇಳಿದ್ರು ಕಣವ್ವ” ಎಂದರು.